ಒನಕೆಯೂ ಪಾಪಿ ಹೂವೂ ಒಂದೇ ಹಾಳೆಯಲ್ಲಿ

ಈ ಸಂಚಿಕೆಯಿಂದ ನಮ್ಮ ಸುದ್ದಿಪತ್ರದಲ್ಲಿ 'ದಿನಕ್ಕೊಂದು' ಅನ್ನೋ ಹೊಸ ಪುಟ ಶುರುವಾಗುತ್ತಿದೆ. ತಿಂಗಳ ಪ್ರತಿ ತಾರೀಖಿಗೂ ನಾಲ್ಕೈದು ಸಾಲು. ಅದು ಹಬ್ಬ ಇರಬಹುದು, ಚರಿತ್ರೆಯ ಒಂದು ತುಣುಕು ಇರಬಹುದು, ನಮ್ಮಲ್ಲೇ ಒಬ್ಬರ ಮನೆಯ ನೆನಪೂ ಇರಬಹುದು. ಷರತ್ತು ಒಂದೇ. ಊರಿನ ತಾರೀಖು, ಇಲ್ಲಿನ ತಾರೀಖು ಅಂತ ಬೇರೆ ಬೇರೆ ಕಾಲಂ ಇರುವುದಿಲ್ಲ. ಬ್ರಿಟನ್ನಿನಲ್ಲಿ ನಾವು ಬದುಕುತ್ತಿರುವುದು ಎರಡನ್ನೂ ಸೇರಿಸಿಕೊಂಡೇ ಅಲ್ವಾ?

ನವೆಂಬರ್ 1ರ ಬಗ್ಗೆ ನಿಮಗೆ ನಾನು ಹೇಳಬೇಕಾದ್ದು ಜಾಸ್ತಿ ಇಲ್ಲ. 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ದೇವರಾಜ ಅರಸರ ಕಾಲದಲ್ಲಿ ಕರ್ನಾಟಕ ಅನ್ನೋ ಹೆಸರು ಬಂತು. ಧಾರವಾಡ, ಬೆಳಗಾವಿಯವರು ಮುಂಬಯಿಯಿಂದ, ಕಲಬುರಗಿ, ಬೀದರಿನವರು ಹೈದರಾಬಾದಿನಿಂದ, ಮಂಗಳೂರು, ಕೊಳ್ಳೇಗಾಲದವರು ಮದ್ರಾಸಿನಿಂದ ಬಂದು ಸೇರಿದರು. ಕೊಡಗು ತನ್ನದೇ ಪುಟ್ಟ ರಾಜ್ಯವಾಗಿತ್ತು. ನಮ್ಮ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಈ ಎಲ್ಲ ಕಡೆಯವರೂ ಪಕ್ಕಪಕ್ಕ ಕೂತಿರುತ್ತಾರೆ, ಜೋಳದ ರೊಟ್ಟಿಯ ಪಕ್ಕದಲ್ಲಿ ನೀರುದೋಸೆ ಇರುತ್ತದೆ. ಕೇರಳ ಹುಟ್ಟಿದ್ದೂ ಅದೇ ದಿನ. ಪಕ್ಕದ ಮನೆಯ ಮಲಯಾಳಿಗಳಿಗೂ ಅವತ್ತು ಒಂದು ಶುಭಾಶಯ ಹೇಳಿ.

5ನೇ ತಾರೀಖು ಇಲ್ಲಿನವರ ಪಟಾಕಿ ಹಬ್ಬ. 1605ರಲ್ಲಿ ಪಾರ್ಲಿಮೆಂಟಿನ ಕೆಳಗೆ ಮದ್ದಿನ ಪುಡಿ ಇಟ್ಟು ಗೈ ಫಾಕ್ಸ್ ಸಿಕ್ಕಿಬಿದ್ದ ರಾತ್ರಿಯ ನೆನಪು. ಆ ರಾತ್ರಿ ಹನ್ನೆರಡರವರೆಗೆ ಪಟಾಕಿ ಹೊಡೆಯಲು ಕಾನೂನಿನಲ್ಲಿ ಅವಕಾಶ ಇದೆ. ದೀಪಾವಳಿಯ ರಾತ್ರಿ ಒಂದು ಗಂಟೆಯವರೆಗೆ! ಈ ದೇಶದ ಕಾನೂನು ನಮ್ಮ ಹಬ್ಬದ ಹೆಸರು ಹೇಳಿ ಒಂದು ಗಂಟೆ ಜಾಸ್ತಿ ಕೊಟ್ಟಿದೆ ಅನ್ನೋದು ನನಗೆ ತುಂಬಾ ಖುಷಿ ಕೊಡುವ ಸಂಗತಿ.

7ಕ್ಕೆ ಸಿ.ವಿ. ರಾಮನ್. ಹುಟ್ಟಿದ್ದು 1888ರಲ್ಲಿ. 1933ರಲ್ಲಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಅಲ್ಲೇ ಇದ್ದರು. ಅವರು ಮೊದಲ ಸಲ ಭಾರತ ಬಿಟ್ಟು ಹೊರಟಿದ್ದು 1921ರಲ್ಲಿ, ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮಾವೇಶಕ್ಕೆ. ವಾಪಸ್ ಹೋಗುವಾಗ ಹಡಗಿನಿಂದ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ, ಇದು ಬರೀ ಆಕಾಶದ ಪ್ರತಿಬಿಂಬ ಅಲ್ಲ ಅಂತ ಹಡಗಿನಲ್ಲೇ ಕೂತು ಬರೆದರು. ಆ ನೀಲಿಯ ಹಿಂದೆ ಬಿದ್ದವರು 1928ಕ್ಕೆ ರಾಮನ್ ಪರಿಣಾಮಕ್ಕೆ ಬಂದು ಮುಟ್ಟಿದರು. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ಪ್ರವಾಸದಲ್ಲಿ ಅವರು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದೊಳಗೆ ನಿಂತು, ಒಂದು ಕಡೆ ಪಿಸುಗುಟ್ಟಿದ್ದು ಇನ್ನೊಂದು ಕಡೆ ಹೇಗೆ ಕೇಳುತ್ತದೆ ಅಂತ ಪರೀಕ್ಷೆ ಮಾಡಿದ್ದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಊರಿಗೆ ಹೋದ ಮೇಲೆ ವಿಜಯಪುರದ ಗೋಳಗುಮ್ಮಟದ ಬಗ್ಗೆಯೂ ಅದೇ ಪ್ರಶ್ನೆ ಹಿಡಿದು ಬರೆದರು. ಶಾಲಾ ಪ್ರವಾಸದಲ್ಲಿ ಗೋಳಗುಮ್ಮಟದಲ್ಲಿ ಕೂಗಿ ಬಂದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ! ನಿಮ್ಮ ಮಕ್ಕಳು ಅದೇ ವಯಸ್ಸಿನಲ್ಲಿ ಸೇಂಟ್ ಪಾಲ್ಸ್‌ಗೆ ಹೋಗುತ್ತಾರೆ. ಹೊರಡುವ ಮುಂಚೆ ಈ ಕಥೆ ಹೇಳಿ ಕಳಿಸಿ.

ಈ ತಿಂಗಳಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ ತಾರೀಖು 11.

ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಒಂದೊಂದು ತಾರೀಖು ಹಂಚಿದ್ದೆವು. 11 ಹೇಗೋ ಇಬ್ಬರ ಪಾಲಿಗೆ ಬಂತು. ಒಬ್ಬಳು ಒನಕೆ ಓಬವ್ವನ ಬಗ್ಗೆ ಬರೆದಳು. ಕರ್ನಾಟಕ ಸರ್ಕಾರ 2021ರಿಂದ ಅವತ್ತು ಓಬವ್ವ ಜಯಂತಿ ಆಚರಿಸುತ್ತಿದೆ. ಇನ್ನೊಬ್ಬ ಬರೆದದ್ದು ಮೊದಲ ಮಹಾಯುದ್ಧ ನಿಂತ ದಿನದ ಬಗ್ಗೆ. ಸರಿ, ಎರಡನ್ನೂ ಒಂದೇ ಹಾಳೆಗೆ ಅಂಟಿಸಿ ಅಂದೆವು. ಎಡಗಡೆ ಕೋಟೆಯ ಕಿಂಡಿ, ಅದಕ್ಕಿಂತ ಎರಡು ಪಟ್ಟು ದೊಡ್ಡ ಒನಕೆ. ಬಲಗಡೆ ಕೆಂಪು ಕ್ರೇಯಾನಿನಲ್ಲಿ ಒತ್ತಿ ಒತ್ತಿ ಬಣ್ಣ ತುಂಬಿದ ಪಾಪಿ ಹೂವು, ನಡುವೆ ಕಪ್ಪು ಬೊಟ್ಟು. ಆ ಹಾಳೆಯನ್ನೇ ಈ ಸಂಚಿಕೆಯ ಹಿಂಬದಿಯಲ್ಲಿ ಅಚ್ಚು ಹಾಕಿದ್ದೇವೆ.

ಪಾಪಿ ಹೂವು ನಮಗೆಲ್ಲ ಗೊತ್ತು, ಯುದ್ಧದಲ್ಲಿ ಸತ್ತವರ ನೆನಪಿಗೆ ಇಲ್ಲಿನವರು ತೊಡುವ ಕೆಂಪು ಹೂವು. ಸ್ಟೇಷನ್ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿರುತ್ತಾರೆ, ಚಿಲ್ಲರೆ ಹಾಕಿ ಕೋಟಿಗೆ ಸಿಕ್ಕಿಸಿಕೊಳ್ಳುತ್ತೇವೆ. ಯುದ್ಧ ನಿಂತಿದ್ದು 1918ರ ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ. ಮರುವರ್ಷದಿಂದ ಎರಡು ನಿಮಿಷದ ಮೌನ ಬಂತು. ಅಂಗಡಿ, ಆಫೀಸು, ಶಾಲೆ ಎಲ್ಲ ಕಡೆ ಜನ ಇದ್ದಲ್ಲೇ ನಿಲ್ಲುತ್ತಾರೆ. ಆದರೆ ಆ ಎರಡು ನಿಮಿಷ ನಮ್ಮಲ್ಲಿ ಎಷ್ಟೋ ಜನ ಇದು ಇವರ ದುಃಖ, ಮರ್ಯಾದೆಗೆ ನಾವೂ ನಿಂತಿದ್ದೇವೆ ಅಂದುಕೊಂಡೇ ನಿಲ್ಲುತ್ತೇವೆ. ಹಾಗಲ್ಲ ಅಂತ ಹೇಳಲಿಕ್ಕೇ ನಾನು ಈ ಸಲ ಇಷ್ಟು ಬರೆಯುತ್ತಿರುವುದು.

ಮೈಸೂರು ಲ್ಯಾನ್ಸರ್ಸ್ ಅಂತ ಮೈಸೂರು ಸಂಸ್ಥಾನದ ಕುದುರೆ ಪಡೆ ಇತ್ತು. 1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಿಟಿಷರಿಗೆ 50 ಲಕ್ಷ ರೂಪಾಯಿ ಕೊಟ್ಟರು, ಈ ಪಡೆಯನ್ನೂ ಕಳಿಸಿದರು. ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದರು. ಆಮೇಲೆ ಪ್ಯಾಲೆಸ್ತೀನಿನ ಕಡೆ ಹೊರಟರು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ಹಿಡಿಯಬೇಕಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಅದರ ಮೇಲೆ ತುರ್ಕರ ಫಿರಂಗಿ, ಮೆಷಿನ್ ಗನ್. ಇನ್ನೊಂದು ಕಡೆ ಕಿಶೋನ್ ನದಿ, ಅದರ ಸುತ್ತ ಕುದುರೆ ಕಾಲಿಟ್ಟರೆ ಹೂತುಹೋಗುವ ಜೌಗು. ಜೊತೆಗಿದ್ದ ಜೋಧಪುರ ಸಂಸ್ಥಾನದ ಕುದುರೆ ಪಡೆಯವರು ಊರಿನ ಕಡೆ ನುಗ್ಗಿದರು, ಮೈಸೂರಿನವರು ಕಡಿದಾದ ದಾರಿ ಹಿಡಿದು ಬೆಟ್ಟ ಹತ್ತಿದರು. ಕೈಯಲ್ಲಿದ್ದದ್ದು ಈಟಿ, ಕತ್ತಿ. ಸಂಜೆಯೊಳಗೆ ಊರು ಕೈಗೆ ಬಂತು. 1350 ಜನ ಸೆರೆ ಸಿಕ್ಕರು, 17 ಫಿರಂಗಿ ಸಿಕ್ಕವು. ನಮ್ಮ ಕಡೆ ಸತ್ತವರು 8 ಜನ, ಗಾಯವಾದವರು 34. ಕುದುರೆಗಳು 60 ಸತ್ತವು. ಜೋಧಪುರದ ಮೇಜರ್ ದಳಪತ್ ಸಿಂಗ್ ಅಲ್ಲೇ ಬಿದ್ದರು.

ಮೈಸೂರು ಸಂಸ್ಥಾನದ ಹುಡುಗರು ಹತ್ತಿದ ಆ ಕಾರ್ಮೆಲ್ ಬೆಟ್ಟದ ಹೆಸರು ಅವರ ಅಪ್ಪ ಅಮ್ಮನ ಬಾಯಲ್ಲಿ ಹೇಗೆ ಹೊರಳಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ದೆಹಲಿಯ ತೀನ್ ಮೂರ್ತಿ ಭವನ ಅಂದರೆ ನೆಹರೂ ಇದ್ದ ಮನೆ ಅಂತ ಎಲ್ಲರಿಗೂ ಗೊತ್ತು. ಆ ಮೂರು ಮೂರ್ತಿಗಳು ಹೈದರಾಬಾದ್, ಜೋಧಪುರ, ಮೈಸೂರಿನ ಸೈನಿಕರದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ, ರಜೆಗೆ ಹೋದಾಗ ಹೋಗಿ ಬನ್ನಿ. ಇಲ್ಲೇ ನೋಡಬೇಕೆಂದರೆ ಬ್ರೈಟನ್ ಪಕ್ಕದ ಗುಡ್ಡದ ಮೇಲೆ 'ಛತ್ರಿ' ಅನ್ನೋ ಸ್ಮಾರಕ ಇದೆ. ಫ್ರಾನ್ಸಿನಲ್ಲಿ ಗಾಯಗೊಂಡು ಬ್ರೈಟನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡ ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ ಜಾಗದಲ್ಲಿ 1921ರಲ್ಲಿ ಕಟ್ಟಿದ್ದು. ಬಿಳಿ ಅಮೃತಶಿಲೆ, ಸುತ್ತ ಹುಲ್ಲುಗಾವಲು. ಕಾರು ನಿಲ್ಲಿಸಿ ಸ್ವಲ್ಪ ನಡೆಯಬೇಕು.

ಇನ್ನು ಓಬವ್ವ. ಅವಳ ಕಥೆಯಲ್ಲಿ ಸೇನೆಯೂ ಇಲ್ಲ, ಪದಕವೂ ಇಲ್ಲ. ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆ ಹೋಗಿದ್ದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿ ಬರುವುದು ಕಂಡಿತು, ಕೈಗೆ ಸಿಕ್ಕಿದ್ದು ಒನಕೆ. ಅಷ್ಟೇ. ಅವಳನ್ನೂ ಲ್ಯಾನ್ಸರ್ಸ್ ಹುಡುಗರನ್ನೂ ಒಂದೇ ಬೆಳಿಗ್ಗೆ ನೆನೆಯಲು ನನಗೆ ಯಾವ ಅಡ್ಡಿಯೂ ಕಾಣುವುದಿಲ್ಲ. ಆ ಎರಡು ನಿಮಿಷದಲ್ಲಿ ಇಬ್ಬರಿಗೂ ಜಾಗ ಇದೆ.

ತಿಥಿಗಳ ವಿಷಯಕ್ಕೆ ಬಂದರೆ ಸ್ವಲ್ಪ ತಲೆನೋವು. ಊರಿಂದ ತಂದ ಕ್ಯಾಲೆಂಡರ್ ನೋಡಿ ಏಕಾದಶಿ ಮಾಡುವವರು ಒಂದು ಮಾತು ಗಮನಿಸಿ. ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಅದೇ ಸಾಮಾನ್ಯವಾಗಿ ಆ ದಿನದ ತಿಥಿ. ನವೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿ ಹೆಚ್ಚುಕಡಿಮೆ ಆರೂವರೆ ಗಂಟೆ ಕಳೆದ ಮೇಲೆ ಲಂಡನ್ನಿನಲ್ಲಿ ಹುಟ್ಟುತ್ತಾನೆ. ಅಷ್ಟರಲ್ಲಿ ತಿಥಿ ಬದಲಾಗಿದ್ದರೆ, ಅಲ್ಲಿ ಮಂಗಳವಾರದ ಏಕಾದಶಿ ಇಲ್ಲಿ ಸೋಮವಾರಕ್ಕೇ ಬರಬಹುದು. ಅದಕ್ಕೇ 'ದಿನಕ್ಕೊಂದು' ಪುಟದಲ್ಲಿ ಲಂಡನ್ನಿಗೆ ಲೆಕ್ಕ ಹಾಕಿದ ಪಂಚಾಂಗವನ್ನೇ ಇಟ್ಟುಕೊಂಡಿದ್ದೇವೆ. ಅಮ್ಮ ಫೋನಿನಲ್ಲಿ ಬೇರೆ ದಿನ ಹೇಳಿದರೆ ಗಾಬರಿ ಬೇಡ, ಇಬ್ಬರೂ ಸರಿ.

14 ಮಕ್ಕಳ ದಿನ. ಜೊತೆಗೆ 2015ರ ಇದೇ ತಾರೀಖು ಥೇಮ್ಸ್ ದಡದಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಯಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣವಾಯಿತು. ಮಕ್ಕಳನ್ನು ಅವತ್ತು ಅಲ್ಲಿಗೇ ಕರೆದುಕೊಂಡು ಹೋಗಿ, ಒಂದು ವಚನ ಹೇಳಿಸಿ.

ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಇದರಿಂದ ನನ್ನ ಅಜ್ಜಿ ನೆನಪಾಗುತ್ತಾರೆ. ತಾನು ಹುಟ್ಟಿದ್ದು 'ಪರಿಷೆ ಮಾರನೇ ದಿನ' ಅನ್ನುತ್ತಿದ್ದರು. ದಾಖಲೆಯಲ್ಲಿ ಇದ್ದದ್ದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ ತಿಂಗಳ ತಾರೀಖು. ಮನೆಯಲ್ಲಿ ಹಬ್ಬದ ಅಡುಗೆ ಆಗುತ್ತಿದ್ದದ್ದು ಪರಿಷೆಯ ಮಾರನೇ ದಿನವೇ. ನಿಮ್ಮ ಮನೆಯ ಹಿರಿಯರಿಗೂ ಇಂಥ ಎರಡು ಹುಟ್ಟುಹಬ್ಬ ಇರಬಹುದು, ಕೇಳಿ ನೋಡಿ. ಯಾವ ಮಳೆಯ ವರ್ಷ, ಯಾವ ಜಾತ್ರೆಯ ಹಿಂದೆ ಮುಂದೆ, ಯಾರು ಊರಲ್ಲಿದ್ದರು, ಎಲ್ಲ ಬರೆದುಕೊಳ್ಳಿ. ಅವರು ಹೇಳಿದ ಮಾತಿನಲ್ಲೇ ಬರೆದರೆ ಇನ್ನೂ ಚೆನ್ನ.

ಡಿಸೆಂಬರ್ ಪುಟಕ್ಕೆ ಬರಹ ಕಳಿಸಲು ಕೊನೆ ದಿನ ನವೆಂಬರ್ 20. ಐದು ಸಾಲು ಸಾಕು. ಚರಿತ್ರೆಯ ವಿಷಯವಾದರೆ ಇಸವಿ ಎಲ್ಲಿ ನೋಡಿದಿರಿ ಅಂತ ನಮಗೆ ಹೇಳಿ. ವಾಟ್ಸಾಪಿನಲ್ಲಿ ಬಂದದ್ದನ್ನು ಹಾಗೇ ಕಳಿಸಬೇಡಿ. 29ನೇ ತಾರೀಖು, ಕುವೆಂಪು ಹುಟ್ಟಿದ ದಿನಕ್ಕೆ, ಈಗಾಗಲೇ ಮೂವರು ಕೈ ಎತ್ತಿದ್ದಾರೆ. ಉಳಿದ ತಾರೀಖುಗಳು ಖಾಲಿ ಇವೆ.