ಹಾರಿಸದ ತೋಟಾ ಕೇಸುಗಳು ಡಬ್ಬಿಯಲ್ಲೇ ಬಿರುಕು ಬಿಟ್ಟಿವೆ, ಹಣ ವಾಪಸ್ ಕೊಡಿ

ಗೆ,
ವ್ಯವಸ್ಥಾಪಕರು,
ಹಳೆಯ ತೋಟಾ ಕೇಸುಗಳ ಮಾರಾಟ ವಿಭಾಗ

ವಿಷಯ: ಮಾರ್ಟಿನಿ-ಹೆನ್ರಿ .577/450 ಹಿತ್ತಾಳೆ ಕೇಸುಗಳಲ್ಲಿ ಬಿರುಕು

ನಮಸ್ಕಾರ ಸರ್,

ಫೋನಿನಲ್ಲಿ ಮಾತಾಡುವಾಗ ನೀವೂ ದಾವಣಗೆರೆ ಕಡೆಯವರು ಅಂತ ಗೊತ್ತಾಯಿತು. ಹಾಗಾಗಿ ಈ ದೂರನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮಾರ್ಟಿನಿ-ಹೆನ್ರಿ ಎಂಬ ನನ್ನ ಹಳೆಯ ಬ್ರಿಟಿಷ್ ಬಂದೂಕಿಗೆ ನಿಮ್ಮಿಂದ 40 ಕೇಸು, ಅಂದರೆ ಮದ್ದು-ಗುಂಡು ತುಂಬುವ ಹಿತ್ತಾಳೆ ಕೊಳವೆ, ತರಿಸಿಕೊಂಡೆ. ಡಬ್ಬಿಯ ಮೇಲೆ "ಹೊಸದು, ಕಾಯಿಸಿ ಹದ ಮಾಡಿದ್ದು" ಎಂದಿದೆ. ಅವುಗಳಿಗೆ ನಾನು ಮದ್ದು ತುಂಬಿಲ್ಲ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಕೂಡ ಕೂರಿಸಿಲ್ಲ. ಆದರೂ 11 ಕೇಸುಗಳ ಕತ್ತಿನಲ್ಲಿ ಉದ್ದುದ್ದ ಬಿರುಕು ಬಿಟ್ಟಿದೆ. ಎರಡರಲ್ಲಿ ಅದು ಕತ್ತಿನ ಕೆಳಗಿನ ಇಳಿಜಾರಾದ ಭುಜ ದಾಟಿ ಕೆಳಗಿಳಿದಿದೆ. ಫೋಟೋ ಕಳಿಸಿದರೆ, "ಮದ್ದು ಜಾಸ್ತಿ ಹಾಕಿದ್ದೀರಿ, ವಾಪಸ್ ತಗೊಳ್ಳಲ್ಲ" ಎಂದು ನಿಮ್ಮ ಸಿಬ್ಬಂದಿ ಉತ್ತರ ಬರೆದರು. ಹಾರಿಸಿದ ಕೇಸಿನೊಳಗೆ ಕಪ್ಪು ಮದ್ದಿನ ಮಸಿ ಇರಬೇಕು ಅಲ್ವಾ? ಇವುಗಳ ಒಳಗೆ ಹಿತ್ತಾಳೆ ಫಳಫಳ ಹೊಳೆಯುತ್ತಿದೆ. ಆ ಫೋಟೋಗಳನ್ನು ಯಾರೂ ಸರಿಯಾಗಿ ನೋಡಿಲ್ಲ. ನನಗೆ ತುಂಬಾ ಬೇಸರವಾಗಿದ್ದು ಇದರಿಂದಲೇ.

ಡಬ್ಬಿ ತೆರೆದಾಗ ಮೂಗಿಗೆ ಬಡಿದದ್ದು ಅಮೋನಿಯಾ ವಾಸನೆ. ಅಮೋನಿಯಾ ಇರುವ ಪಾಲಿಶ್‌ನಲ್ಲಿ ತೊಳೆದಿದ್ದೀರಿ ಅನ್ನುವುದು ನನ್ನ ಬಲವಾದ ಅನುಮಾನ. ಈ ಕಾಯಿಲೆ ಹಳೆಯದು, ಅದೂ ನಮ್ಮ ದೇಶದಲ್ಲೇ ಕಂಡದ್ದು. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಮುಗಿಯುವವರೆಗೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಆಮೇಲೆ ನೋಡಿದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವ, ಜೊತೆಗೆ ಹಿತ್ತಾಳೆಯನ್ನು ಎಳೆದು ಹಿಸುಕುವಾಗ ಒಳಗೇ ಉಳಿದ ಬಿಗಿತ ಸೇರಿ ಹೀಗೆ ಮಾಡುತ್ತವೆ ಎಂದು 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರು ವಿವರಿಸಿದರು. ಪರಿಹಾರವೂ ಸುಲಭ. ಕತ್ತನ್ನು ಕಾಯಿಸಿದರೆ ಆ ಬಿಗಿತ ಇಳಿಯುತ್ತದೆ. ಬುಡವನ್ನು ಮಾತ್ರ ತಣ್ಣಗೇ ಇಡಬೇಕು, ಅದು ಮೆತ್ತಗಾದರೆ ಅಪಾಯ. .577 ಇಂಚಿನ ಗುಂಡಿಗೆ ಇದ್ದ ಕೊಳವೆಯನ್ನು .45 ಇಂಚಿನ ಗುಂಡಿಗೆ ಹೊಂದುವಷ್ಟು ಕಿರಿದು ಮಾಡುವ ಈ ಕೇಸಿಗೆ ಹದ ಮಾಡುವುದು ಬಹಳ ಮುಖ್ಯ. ಡಬ್ಬಿಯ ಮೇಲೆ ಬರೆದ ಆ ಕೆಲಸ ನಡೆದೇ ಇಲ್ಲ ಎಂದು ಈ ಬಿರುಕುಗಳು ಹೇಳುತ್ತಿವೆ.

ನನ್ನ ಬಂದೂಕು ಕಠ್ಮಂಡುವಿನ ಹಳೆಯ ಶಸ್ತ್ರಾಗಾರದಿಂದ 2003ರಲ್ಲಿ ಅಮೆರಿಕಕ್ಕೆ ಮಾರಾಟವಾದ ರಾಶಿಯಲ್ಲಿದ್ದದ್ದು. ಬ್ರಿಟಿಷ್ ಸೇನೆ ಮಾರ್ಟಿನಿ-ಹೆನ್ರಿಯನ್ನು ಒಪ್ಪಿಕೊಂಡದ್ದು 1871ರಲ್ಲಿ. ಆಗಿನ ತೋಟಾದಲ್ಲಿ 85 ಗ್ರೇನ್ (ತೂಕದ ಸಣ್ಣ ಅಳತೆ) ಕಪ್ಪು ಮದ್ದು, 480 ಗ್ರೇನ್ ಸೀಸದ ಗುಂಡು. ತೆಳು ಹಿತ್ತಾಳೆ ಹಾಳೆ ಸುತ್ತಿ ಮಾಡಿದ ಮೊದಲ ಕೇಸುಗಳು ಸುಡಾನ್ ಯುದ್ಧದಲ್ಲಿ ಬಂದೂಕಿನೊಳಗೇ ಸಿಕ್ಕಿಹಾಕಿಕೊಂಡು ಸೈನಿಕರ ಪ್ರಾಣಕ್ಕೇ ಕುತ್ತು ತಂದವು. ಒಳ್ಳೆಯ ಕೇಸಿನ ಬೆಲೆ ಏನೆಂದು ಈ ಬಂದೂಕಿನ ಚರಿತ್ರೆಯೇ ಕಲಿಸುತ್ತದೆ. ಈಗ ಇದಕ್ಕೆ ಅಂಗಡಿಯಲ್ಲಿ ಸುಲಭವಾಗಿ ತೋಟಾ ಸಿಗುವುದಿಲ್ಲ. 24 ಗೇಜಿನ ಶಾಟ್‌ಗನ್ ಹಿತ್ತಾಳೆ ಕೇಸುಗಳನ್ನು ತಂದು ಅಚ್ಚಿನಲ್ಲಿ (ಡೈ) ಒತ್ತಿ ನಾವೇ ರೂಪ ಕೊಡಬೇಕು, ಇಲ್ಲವೇ ನಿಮ್ಮಂಥವರನ್ನು ನಂಬಬೇಕು. ನಾನು ನಂಬಿದೆ.

ಬಿರುಕು ಕೇಸಿನ ಮೈಗೆ ಇಳಿದರೆ ಬಿಸಿ ಅನಿಲ ಹಿಂದಕ್ಕೆ, ಹಾರಿಸುವವರ ಮುಖದತ್ತ ನುಗ್ಗಬಹುದು. ಚೆನ್ನಾಗಿ ಕಾಣುವ ಉಳಿದ 29ನ್ನೂ ನಾನು ಬಳಸುವುದಿಲ್ಲ. ಅವೂ ಅದೇ ಡಬ್ಬಿಯಲ್ಲಿ, ಅದೇ ವಾಸನೆಯಲ್ಲಿ ಇದ್ದವು.

ಎಲ್ಲ 40 ಕೇಸುಗಳನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ತಗೊಂಡು ಪೂರ್ತಿ ಹಣ ಕೊಡಿ. ಬದಲಿ ಕೇಸು ಬೇಡ, ತೊಳೆಯುವ ರೀತಿ ಬದಲಾಗದೆ ಬದಲಿ ಬಂದರೂ ಪ್ರಯೋಜನವಿಲ್ಲ. ಇದೇ ಬ್ಯಾಚಿನ ಕೇಸು ಕೊಂಡ ಬೇರೆಯವರಿಗೆ ಕೂಡಲೇ ತಿಳಿಸಿ. ಅವರಲ್ಲಿ ಯಾರಾದರೂ ಈ ವಾರಾಂತ್ಯವೇ ಮದ್ದು ತುಂಬಿ ರೇಂಜಿಗೆ ಹೋಗಬಹುದು. ನನ್ನ ಹಣಕ್ಕಿಂತ ಆ ಸುದ್ದಿ ಮೊದಲು ತಲುಪಲಿ.

ರಸೀದಿಯ ಪ್ರತಿ ಮತ್ತು ಫೋಟೋಗಳನ್ನು ಮತ್ತೆ ಲಗತ್ತಿಸಿದ್ದೇನೆ. ಉತ್ತರ ನಿಮ್ಮಿಂದಲೇ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕ