ಮಗು ತಪ್ಪಿದಾಗ ಕಂಪ್ಯೂಟರ್ ಏನು ಹೇಳುತ್ತದೆ?

ಮಾನ್ಯ ಸಂಪಾದಕರೇ,

ಚಿಕ್ಕ ಮಕ್ಕಳಿಗೂ ಕೋಡಿಂಗ್ ಕಲಿಸಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಯಾವ ವಯಸ್ಸಿಗೆ, ವಾರಕ್ಕೆ ಎಷ್ಟು ಗಂಟೆ ಎಂಬ ಚರ್ಚೆಯೇ ಜಾಸ್ತಿ. ಕಂಪ್ಯೂಟರಿಗೆ ಆದೇಶ ಬರೆಯಲು ಮಗು ಕಲಿಯುವ ಮೊದಲ ಭಾಷೆ ಹೇಗಿರಬೇಕು ಎಂದು ಕೇಳುವವರು ಕಡಿಮೆ. ಪ್ರೋಗ್ರಾಂ ಬರೆಯುವುದೇ ನನ್ನ ಕೆಲಸ. ಆದರೂ ಮಗಳ ಪಕ್ಕ ಕೂರುವ ತನಕ ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ.

ಅವಳಿಗೆ ಎಂಟು ವರ್ಷ. ನಾನು ದಿನಾ ಬಳಸುವ ಭಾಷೆಯಲ್ಲೇ ಶುರು ಮಾಡಿಸಿದೆ. ಒಂದೇ ಸಾಲು, ಅವಳ ಹೆಸರು ತೆರೆಯ ಮೇಲೆ ಬರಬೇಕು, ಅಷ್ಟೇ. ಕೊನೆಯ ಬ್ರ್ಯಾಕೆಟ್ ಹಾಕಲು ಮರೆತಳು. ತಪ್ಪಾಗಿದೆ ಎಂದು ಕೆಂಪಕ್ಷರದಲ್ಲಿ ನಾಲ್ಕು ಸಾಲು ಬಂತು. "ಹಾಳು ಮಾಡಿಬಿಟ್ನಾ ಅಮ್ಮಾ?" ಎಂದು ಕೇಳಿ ಕೀಬೋರ್ಡಿನಿಂದ ಕೈ ತೆಗೆದಳು. ಆ ಕೈ ಮತ್ತೆ ಅಲ್ಲಿಗೆ ಬರಲು ಒಂದು ವಾರ ಹಿಡಿಯಿತು.

ಆಮೇಲೆ ಲೋಗೊ ಹಾಕಿಕೊಟ್ಟೆ. 1967ರಲ್ಲಿ ಅಮೆರಿಕದ ಸಂಶೋಧಕರಾದ ಸೆಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್ಜಿಗ್ ಮತ್ತವರ ಸಂಗಡಿಗರು ಮಕ್ಕಳಿಗೆಂದೇ ಕಟ್ಟಿದ ಭಾಷೆ. ತೆರೆಯ ಮೇಲೊಂದು ಆಮೆ ಇರುತ್ತದೆ. ಫಾರ್ವರ್ಡ್ 100 ಎಂದರೆ ಗೆರೆ ಎಳೆಯುತ್ತಾ ಅಷ್ಟು ಹೆಜ್ಜೆ ನಡೆಯುತ್ತದೆ, ರೈಟ್ 90 ಎಂದರೆ ನಿಂತಲ್ಲೇ ಬಲಕ್ಕೆ ತಿರುಗುತ್ತದೆ. ಅದಕ್ಕೆ ಗೊತ್ತಿಲ್ಲದ ಪದ ಬರೆದರೆ 'ಇದನ್ನು ಹೇಗೆ ಮಾಡುವುದೋ ನನಗೆ ಗೊತ್ತಿಲ್ಲ' ಎನ್ನುತ್ತದೆ. ಎಷ್ಟು ಒಳ್ಳೆಯ ಮಾತು, ಅಲ್ವಾ? ಇಂಗ್ಲಿಷಿನಲ್ಲಿ ಬಂದದ್ದನ್ನು ನಾನು ಓದಿ ಹೇಳಿದ ಕೂಡಲೇ, "ಹಾಗಾದ್ರೆ ಹೇಳಿಕೊಡ್ತೀನಿ" ಎಂದಳು.

ಒಂದು ಸಂಜೆ ತ್ರಿಕೋನ ಬರೆಸಲು ಹೊರಟಳು. ಪ್ರತಿ ಮೂಲೆಗೂ 60 ಡಿಗ್ರಿ ಎಂದು ಅಣ್ಣನಿಂದ ಕೇಳಿಕೊಂಡಿದ್ದಳು. ಮೂರು ಸಲ ನಡೆದು ಮೂರು ಸಲ 60 ತಿರುಗಿದ ಆಮೆ ಹೊರಟ ಜಾಗಕ್ಕೆ ವಾಪಸ್ ಬರಲಿಲ್ಲ. ಒಂದು ಕಡೆ ಬಾಯಿ ತೆರೆದ ಆಕಾರವೊಂದು ಉಳಿಯಿತು. ಕೆಂಪಕ್ಷರ ಬರಲಿಲ್ಲ, ತಪ್ಪು ಅವಳ ಕಣ್ಣಿಗೇ ಕಾಣುತ್ತಿತ್ತು. ಎದ್ದು ನೆಲದ ಮೇಲೆ ತಾನೇ ಆಮೆಯಾಗಿ ನಡೆದಳು. ಮೂಲೆಯಲ್ಲಿ ನಿಂತು, ತಿರುಗಿ, "ಇನ್ನೂ ಜಾಸ್ತಿ ತಿರುಗಬೇಕು" ಎಂದಳು. 90 ಹಾಕಿದಳು. 110 ಹಾಕಿದಳು. 120ಕ್ಕೆ ಗೆರೆ ಕೂಡಿತು. ನಾನು ಬಾಯಿ ಬಿಡಲೇ ಇಲ್ಲ.

ತ್ರಿಕೋನದ ತಪ್ಪು ಅವಳಿಗೆ ಏನೋ ಕೊಟ್ಟಿತು. ಬ್ರ್ಯಾಕೆಟ್ಟಿನ ತಪ್ಪು ಸುಮ್ನೆ ಹೆದರಿಸಿತು. ಮೊದಲ ಭಾಷೆ ಹೀಗೆ ಸುಮ್ನೆ ಹೆದರಿಸುವ ತಪ್ಪಿಗೆ ಜಾಗವನ್ನೇ ಕೊಡಬಾರದು. 2007ರಲ್ಲಿ ಬಂದ ಮಕ್ಕಳ ಭಾಷೆ ಸ್ಕ್ರ್ಯಾಚ್‌ನಲ್ಲಿ ಆದೇಶಗಳಿರುವ ಬಣ್ಣದ ತುಂಡುಗಳನ್ನು ಜೋಡಿಸಬೇಕು, ಕೂಡದ ತುಂಡು ಕೂಡುವುದೇ ಇಲ್ಲ. 5ರಿಂದ 7 ವರ್ಷದವರಿಗೆಂದು 2014ರಲ್ಲಿ ಬಂದ ಸ್ಕ್ರ್ಯಾಚ್ ಜೂನಿಯರ್‌ನ ತುಂಡುಗಳ ಮೇಲೆ ಚಿತ್ರಗಳಿವೆ, ಓದಲು ಬಾರದ ಮಗುವೂ ಆಡಬಹುದು. ಸಮ ಚಿಹ್ನೆಯನ್ನೂ ನೋಡಿ. ಗಣಿತದಲ್ಲಿ ಅದರ ಎರಡು ಕಡೆಯೂ ಒಂದೇ ಎಂದು ಕಲಿತ ಮಗುವಿನ ಮುಂದೆ ಅಂಕಕ್ಕೆ ಒಂದು ಕೂಡಿಸು ಎನ್ನಲು 'ಅಂಕ = ಅಂಕ + 1' ಎಂದು ಬರೆದರೆ ಅದು ಏನೆಂದುಕೊಳ್ಳಬೇಕು? ಸ್ಕ್ರ್ಯಾಚ್‌ನಲ್ಲಿ ಅದಕ್ಕೆ '1ರಷ್ಟು ಬದಲಿಸು' ಎಂಬ ಬೇರೆ ತುಂಡೇ ಇದೆ.

ಮಕ್ಕಳಿಗೆ ಭಾಷೆ ಕಟ್ಟುವವರಲ್ಲಿ, ಆರಿಸುವವರಲ್ಲಿ ನನ್ನದೊಂದು ಕೋರಿಕೆ. ಬೇಕೆಂದೇ ಅದರಲ್ಲಿ ತಪ್ಪು ಬರೆದು ನೋಡಿ. ಬಂದ ಉತ್ತರವನ್ನು ಎಂಟು ವರ್ಷದ ಮಗುವಿಗೆ ಓದಿ ಹೇಳಿ. ಅದರ ಕೈ ಕೀಬೋರ್ಡಿನ ಮೇಲೇ ಇದೆಯಾ ಎಂದು ಗಮನಿಸಿ.

– ಪ್ರೋಗ್ರಾಂ ಬರೆಯುವ ಒಬ್ಬ ತಾಯಿ