ಬಂಡೆಗೆ ಕಾರ್ಬನ್ ಲೆಕ್ಕ ಏಕೆ?

ಮಾನ್ಯರೇ,

ಭೂಮಿ ಹುಟ್ಟಿ ಆರು ಸಾವಿರ ವರ್ಷವಷ್ಟೇ ಆಯಿತು ಎನ್ನುವವರು ಮೊದಲು ಎತ್ತುವ ತಕರಾರು ಕಾರ್ಬನ್ ಡೇಟಿಂಗಿನದು, ಅಂದರೆ ವಸ್ತುವಿನಲ್ಲಿ ಉಳಿದಿರುವ ಕಾರ್ಬನ್–14 ಅಳೆದು ವಯಸ್ಸು ಹೇಳುವ ವಿಧಾನದ್ದು. ಅದು ತಪ್ಪು ಲೆಕ್ಕ ಕೊಡುತ್ತದಂತೆ. ಆದರೆ ಬಂಡೆಯ ವಯಸ್ಸು ಹೇಳಲು ಕಾರ್ಬನ್ ಬಳಸುವವರು ಯಾರು? ಕಾರ್ಬನ್–14ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 5,730 ವರ್ಷ. ಸುಮಾರು 50 ಸಾವಿರ ವರ್ಷ ಕಳೆದರೆ ಅಳೆಯುವಷ್ಟು ಉಳಿಯುವುದೇ ಇಲ್ಲ. ಇದ್ದಿಲು, ಮೂಳೆ, ಮರಕ್ಕೆ ಅದು ಸರಿ, ಪಾವಗಡದ ಬಂಡೆಗಲ್ಲ.

ರಾಮನಗರದಿಂದ ಪಾವಗಡದತ್ತ ಉದ್ದಕ್ಕೆ ಹಬ್ಬಿರುವ ಕ್ಲೋಸ್‌ಪೇಟ್ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ಎಂದು ತಿಳಿಯುವುದು ಅದರೊಳಗಿನ ಜಿರ್ಕಾನ್ ಎಂಬ ಖನಿಜದ ಹರಳಿನಿಂದ. ಮಳೆಬಿಸಿಲಿಗೆ ಶಿಥಿಲವಾಗದ ಕಲ್ಲನ್ನು ಕೆಲವು ಕಿಲೋ ಒಡೆದು ತಂದು, ಪುಡಿ ಮಾಡಿ, ಜರಡಿ ಹಿಡಿದು, ನೀರಿನಲ್ಲಿ ಜಾಲಿಸುತ್ತಾರೆ. ಹಗುರವಾದ ಬೆಣಚು, ಫೆಲ್ಡ್‌ಸ್ಪಾರ್ ಹರಿದುಹೋಗಿ ತೂಕದ ಮರಳು ತಳದಲ್ಲಿ ನಿಲ್ಲುತ್ತದೆ. ಕಬ್ಬಿಣದ ಅಂಶವಿರುವುದನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಉಳಿದದ್ದರಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಒಂದೊಂದಾಗಿ ಹೆಕ್ಕಿ, ಅಂಟಿನಲ್ಲಿ ಕೂರಿಸಿ, ಅರ್ಧ ಸವೆಯುವವರೆಗೆ ಉಜ್ಜಿ, ಒಳಪದರಗಳ ಚಿತ್ರ ತೆಗೆಯಬೇಕು. ಆಮೇಲೆ ಲೇಸರ್ ಇಲ್ಲವೇ ಅಯಾನು ಕಿರಣ ಹಾಯಿಸಿ ಯುರೇನಿಯಂ, ಸೀಸ ಎಷ್ಟೆಷ್ಟಿದೆ ಎಂದು ಅಳೆಯುವುದು.

ಜಿರ್ಕಾನ್ ಹರಳುಗಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ಹಾಗಾಗಿ ಈಗ ಸಿಗುವ ಸೀಸ ಬಹುತೇಕ ಅಲ್ಲೇ ಹುಟ್ಟಿದ್ದು. ಯುರೇನಿಯಂ–238 (ಅರ್ಧಾಯುಷ್ಯ 447 ಕೋಟಿ ವರ್ಷ) ಸೀಸ–206 ಆಗುತ್ತದೆ, ಯುರೇನಿಯಂ–235 (70 ಕೋಟಿ) ಸೀಸ–207 ಆಗುತ್ತದೆ. ಎರಡೂ ಒಂದೇ ವಯಸ್ಸು ಹೇಳಬೇಕು. ಹೇಳದಿದ್ದರೆ ಎಡವಟ್ಟಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ವಿಕಿರಣದಿಂದ ಜರ್ಜರಿತವಾದ ಹರಳಿನಿಂದ ಸೀಸ ಸೋರಿದ್ದರೆ ವಯಸ್ಸು ಕಡಿಮೆ ಬರುತ್ತದೆ, ಜಾಸ್ತಿಯಲ್ಲ! ಜಾಸ್ತಿ ಬರುವುದು ಹಳೇ ಹರಳಿನ ತಿರುಳಿನ ಸುತ್ತ ಹೊಸ ಪದರ ಬೆಳೆದಿದ್ದು, ಕಿರಣ ಎರಡಕ್ಕೂ ತಗುಲಿದಾಗ. ಮೊದಲೇ ಚಿತ್ರ ತೆಗೆಯುವುದು ಇದಕ್ಕೇ.

ಯುರೇನಿಯಂ ಕ್ಷಯಿಸಿ ಸೀಸವಾಗುವ ವೇಗವೇ ಹಿಂದೆ ಬೇರೆ ಇತ್ತು ಎನ್ನುವವರೂ ಇದ್ದಾರೆ. ಭೂಮಿಯ ವಯಸ್ಸಾದ 454 ಕೋಟಿ ವರ್ಷವನ್ನು ಆರು ಸಾವಿರಕ್ಕೆ ಇಳಿಸಲು ಆ ವೇಗ ಸರಾಸರಿ ಏಳೂವರೆ ಲಕ್ಷ ಪಟ್ಟು ಇರಬೇಕಿತ್ತು. ಕ್ಷಯಿಸುವಾಗ ಶಾಖವೂ ಹೊಮ್ಮುತ್ತದೆ; ಅಷ್ಟು ಶಾಖಕ್ಕೆ ಬಂಡೆಗಳೇ ಕರಗಿಹೋಗುತ್ತಿದ್ದವು. ಅಂದಹಾಗೆ, ಭೂಮಿಯ ಮೊದಲ ತೊಗಟೆ ಈಗ ಉಳಿದಿಲ್ಲ. ಅದಕ್ಕೇ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ, ಭೂಮಿಯ ಜೊತೆಜೊತೆಗೇ ಹುಟ್ಟಿದ ಉಲ್ಕಾಶಿಲೆಗಳ ಸೀಸ ಅಳೆದು ಭೂಮಿಗೆ 455 ಕೋಟಿ ವರ್ಷ ಎಂದರು. ಇಂದಿಗೂ ಆ ಅಂಕಿ ಹೆಚ್ಚು ಕದಲಿಲ್ಲ.

ನಮ್ಮ ಕಡೆ ಇನ್ನೊಂದು ವಾದವೂ ಕೇಳಿಬರುತ್ತದೆ: ಕಲ್ಪಕ್ಕೆ 432 ಕೋಟಿ ವರ್ಷ, ವಿಜ್ಞಾನ ಈಗ ಹೇಳುತ್ತಿರುವುದೂ ಅದನ್ನೇ ಎಂದು. ಕಲ್ಪವೆಂದರೆ ಬ್ರಹ್ಮನ ಇಡೀ ಹಗಲು, ಈವರೆಗೆ ಸಂದ ಕಾಲವಲ್ಲ. ಪೂಜೆಯ ಸಂಕಲ್ಪದಲ್ಲಿ ಹೇಳುವ ವೈವಸ್ವತ ಮನ್ವಂತರ, 28ನೇ ಕಲಿಯುಗ ಇಟ್ಟುಕೊಂಡು ಗುಣಿಸಿ ಕೂಡಿದರೆ ಈ ಕಲ್ಪದಲ್ಲಿ ಕಳೆದಿರುವುದು ಸುಮಾರು 197 ಕೋಟಿ ವರ್ಷ. ಪಂಚಾಂಗಕ್ಕೆ ಆ ಗಣನೆ ಇರಲಿ. ಪಾವಗಡದ ಬಂಡೆ ಅದಕ್ಕಿಂತ 50 ಕೋಟಿ ವರ್ಷ ಹಳತು, ಕೋಲಾರದ ಚಿನ್ನದ ಪಟ್ಟಿಯ ಶಿಲೆಗಳಿಗೆ ಸುಮಾರು 270 ಕೋಟಿ. ಕೆಜಿಎಫ್ ಬಳಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಶಾಲೆಗಳವರು ಪ್ರವಾಸದ ಪಟ್ಟಿಗೆ ಅದನ್ನೂ ಸೇರಿಸಿಕೊಳ್ಳಲಿ; ಸುತ್ತಿಗೆ ಮಾತ್ರ ಒಯ್ಯುವುದು ಬೇಡ.

– ಭೂವಿಜ್ಞಾನ ಬೋಧಕರು, ತುಮಕೂರು